ಒಲಿ ಬ್ಯಾರೆ

ನನಗೆ ಆಗ ಅರವತ್ತಾರು. ಏಳು ವರ್ಷದ ಹಿಂದಿನ ಮಾತು. ಸಿಟ್ಟು ಇನ್ನೂ ಇಳಿದಿಲ್ಲ. ಇಳಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ, ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳಿಗೆ ಪೆನ್ನು ಹಿಡಿದರೆ ಬೆರಳು ನೋಯುತ್ತದೆ.

ನಮ್ಮ ಕೊಟ್ಟೂರು, ಕೂಡ್ಲಿಗಿ ಕಡೆ ಯಾರದಾದರೂ ಮನೆಯಲ್ಲಿ "ಒಲಿ ಬ್ಯಾರೆ ಆತು" ಎಂದರೆ ಮನೆ ಒಡೆಯಿತು ಎಂದು ಅರ್ಥ. ಒಂದೇ ಸೂರಿನ ಕೆಳಗೆ ಇದ್ದರೂ ಇವರ ಸಾರು ಅವರು ಉಣ್ಣುವುದಿಲ್ಲ. ಜೋಳದ ಚೀಲ ಎರಡಾಗುತ್ತದೆ, ಉಪ್ಪಿನ ಡಬ್ಬಿ ಎರಡಾಗುತ್ತದೆ, ಹಬ್ಬಕ್ಕೆ ಹೋಳಿಗೆಯನ್ನು ತಟ್ಟೆಯಲ್ಲಿ ಮುಚ್ಚಿ ನೆರೆಯವರಿಗೆ ಕೊಟ್ಟ ಹಾಗೆ ಕೊಡುತ್ತಾರೆ. ಈ ಮಾತು ನನಗೆ ಗೊತ್ತಿಲ್ಲದ್ದೇನಲ್ಲ. ಎಷ್ಟೋ ಮನೆಗಳ ವಿಷಯ ನಾನೇ ಹಾಗೆ ಆಡಿಕೊಂಡಿದ್ದೇನೆ. ಆದರೆ ಅವತ್ತು ನಾನು ಒಲೆ ಎಂದದ್ದು ಒಲೆಗೇ. ರೊಟ್ಟಿ ಬೇಯಿಸುವ ಒಲೆಗೆ.

ಮನೆಯಲ್ಲಿ ನಾನು, ಮಗ, ಸೊಸೆ, ಅವರ ಎರಡು ಮಕ್ಕಳು. ಗಂಡ ಹೋಗಿ ಬಹಳ ವರ್ಷ ಆಯಿತು, ಅವನ ಮಾತು ಇಲ್ಲಿ ಬೇಡ. ಮಗನದು ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ. ಸುಟ್ಟ ಮೋಟಾರು ತಂದು ಕೊಟ್ಟರೆ ಬಿಚ್ಚಿ ಹೊಸ ತಂತಿ ಸುತ್ತಿ ಕೊಡುತ್ತಾನೆ. ಸುತ್ತಲಿನ ಹಳ್ಳಿಯವರು ಅವನ ಕೈ ಒಳ್ಳೆಯದು ಎನ್ನುತ್ತಾರೆ. ಇರಬಹುದು. ಮನೆಯ ಗ್ಯಾಸಿನ ಬರ್ನರನ್ನು ಒಂದು ದಿನವೂ ಎತ್ತಿ ನೋಡಿದವನಲ್ಲ. ಸೊಸೆ ಹರಪನಹಳ್ಳಿಯವಳು. ಕೆಲಸಗಳ್ಳಿ ಅಲ್ಲ, ಸುಳ್ಳು ಯಾಕೆ ಹೇಳಲಿ. ನನ್ನ ಹಾಗೆ ಅವಳಿಗೂ ಒಲೆ ಹೊಲಸಾಗಿದ್ದರೆ ಕಣ್ಣಿಗೆ ಆಗುವುದಿಲ್ಲ. ಜಗಳ ಬಂದದ್ದೇ ಅಲ್ಲಿ.

ನನ್ನ ಹಳೆಯ ಒಲೆ ಎರಡು ಬರ್ನರಿನ ಸ್ಟೀಲಿನದು. ದಿನಾ ರೊಟ್ಟಿ ಮುಗಿದ ಮೇಲೆ ಒಣಬಟ್ಟೆಯಿಂದ ಹಿಟ್ಟು ಒರೆಸುತ್ತಿದ್ದೆ. ಅಮಾವಾಸ್ಯೆ ಬಂತೆಂದರೆ ರೆಗ್ಯುಲೇಟರ್ ಬಂದ್ ಮಾಡಿ, ಒಲೆ ಆರಿದ ಮೇಲೆ ಬರ್ನರ್ ಎರಡನ್ನೂ ಎತ್ತಿ, ಬಿಸಿನೀರಿನಲ್ಲಿ ಹುಣಸೆಹಣ್ಣು ಕಿವುಚಿ ನೆನೆಹಾಕುತ್ತಿದ್ದೆ. ಹಿತ್ತಾಳೆ ಬರ್ನರು, ದೇವರ ಜಗಲಿಯ ಗಿಂಡಿಯ ಹಾಗೆ ಹೊಳೆಯುತ್ತಿದ್ದವು. ಆಮೇಲೆ ಪಿನ್ನು ಹಿಡಿದು ಒಂದೊಂದೇ ತೂತು ಚುಚ್ಚಿ, ಕುಟ್ಟಿ, ಬಿಸಿಲಿಗೆ ಇಡುತ್ತಿದ್ದೆ. ಒಳಗೆ ಒಂದು ಹನಿ ಉಳಿದರೂ ಉರಿ ಕೆಮ್ಮುತ್ತದೆ. ಒಣಗಿದ ಮೇಲೆ ಕೂಡಿಸಿ, ಒಲೆಯ ಮುಂದಿನ ಪಟ್ಟಿಗೆ ಮೂರು ಬೆರಳಿನಿಂದ ವಿಭೂತಿ ಎಳೆದು ಹಚ್ಚುತ್ತಿದ್ದೆ. ಕಟ್ಟಿಗೆ ಒಲೆಗೂ ನಮ್ಮ ಮನೆಯಲ್ಲಿ ವಿಭೂತಿ ಎಳೆದೇ ಹಚ್ಚಿದ್ದು, ಸೀಮೆಎಣ್ಣೆ ಸ್ಟೋವಿಗೂ ಹಾಗೇ. ಗ್ಯಾಸು ಬಂತೆಂದು ಬಿಡುವುದು ಯಾಕೆ?

ಸೊಸೆ ಗಾಜಿನ ಒಲೆ ತರಿಸಿದಳು. ಕರಿ ಗಾಜು, ಮೂರು ಬರ್ನರು. ಬಗ್ಗಿದರೆ ಮುಖ ಕಾಣುತ್ತಿತ್ತು.

"ಒಲಿಯಾಗ ನನ್ನ ಮುಖ ಯಾಕ ಕಾಣಬೇಕು?" ಎಂದೆ.

"ಚೆಂದ ಅದೀರಲ್ಲತ್ತೆ, ನೋಡ್ಕೊಳ್ರಿ" ಎಂದು ನಕ್ಕಳು. ಆಗ ನಾನೂ ನಕ್ಕೆ. ಹಳೆಯದನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು.

ನಗು ಬಹಳ ದಿನ ಉಳಿಯಲಿಲ್ಲ. ಮೊದಲು ನಾನು ಒಲೆ ತಿಕ್ಕುತ್ತಿದ್ದ ಬೂದಿ ಹೋಯಿತು. ಬೂದಿಯಿಂದ ತಿಕ್ಕಿದರೆ ಗಾಜಿಗೆ ಗೀರು ಬೀಳುತ್ತದೆ ಅಂದಳು. ಬಿದ್ದಿತ್ತು, ಅದಕ್ಕೆ ಸುಮ್ಮನಾದೆ. ಆಮೇಲೆ ವಿಭೂತಿ ಹೋಯಿತು, ಗಾಜಿನ ಮೇಲೆ ಬೆಳ್ಳಗೆ ಹತ್ತುತ್ತದಂತೆ. ಗೋಡೆಗೆ ಎಳೆದೆ. ಆಮೇಲೆ ಅವಳು ಒಂದು ಬಾಟಲಿ ತಂದಳು, ನೀಲಿ ನೀರು, ಒತ್ತಿದರೆ ಚುಸ್ ಎಂದು ಹಾರುತ್ತದೆ. ಹೊತ್ತಿಗೊಮ್ಮೆ ಆ ಒಲೆಗೆ ಚುಸ್. ಹಾಲು ಕಾಯಿಸಿದರೆ ಚುಸ್, ಒಗ್ಗರಣೆ ಹಾಕಿದರೆ ಚುಸ್. ನಾನು ರೊಟ್ಟಿ ಬಡಿದು ಮುಗಿಸಿದ ತಕ್ಷಣ, ಹಂಚು ಇಳಿಸುವ ಮುಂಚೆ, ಅವಳು ಬಾಟಲಿ ಹಿಡಿದು ನನ್ನ ಬೆನ್ನ ಹಿಂದೆ ನಿಂತಿರುತ್ತಿದ್ದಳು.

ಜೋಳದ ರೊಟ್ಟಿ ಬಡಿಯುವಾಗ ಹಿಟ್ಟು ಬೀಳದೆ ಇರುತ್ತದೆಯೇ? ಒಣಹಿಟ್ಟು ಸವರಿ ಬಡಿಯಬೇಕು, ಎತ್ತಿ ಹಂಚಿಗೆ ಹಾಕಬೇಕು, ಮೇಲೆ ಒದ್ದೆ ಬಟ್ಟೆ ಆಡಿಸಬೇಕು. ಹಿಟ್ಟು ಉದುರುತ್ತದೆ, ಬರ್ನರಿಗೂ ಬೀಳುತ್ತದೆ. ಒಣಗಿದ ಹಿಟ್ಟಾದರೆ ಬಟ್ಟೆಗೆ ಬರುತ್ತದೆ, ಊದಿದರೆ ಹಾರುತ್ತದೆ. ಅದರ ಮೇಲೆ ನೀರು ಹೊಡೆದರೆ ಅಂಬಲಿಯಾಗಿ ತೂತಿನೊಳಗೆ ಇಳಿಯುತ್ತದೆ, ಬೆಂಕಿಗೆ ಬೆಂದು ಕಲ್ಲಾಗುತ್ತದೆ. ಇದನ್ನು ನಾನು ಹೇಳಿದೆ. ಒಂದು ಸಲ ಅಲ್ಲ.

"ವಿಡಿಯೋದಾಗೆ ಹಿಂಗೇ ತೋರ್ಸ್ಯಾರ್ರಿ" ಅಂದಳು.

"ಆ ವಿಡಿಯೋದಾಕಿ ರೊಟ್ಟಿ ಬಡಿತಾಳೇನು?"

"ಪಾಸ್ತಾ ಮಾಡ್ತಾಳೆ."

ಅದು ಏನೋ ನನಗೆ ಗೊತ್ತಿಲ್ಲ. ಹಿಟ್ಟು ಉದುರುವ ಪದಾರ್ಥ ಅಲ್ಲ ಎಂದಷ್ಟು ತಿಳಿಯಿತು.

ಸ್ವಲ್ಪ ದಿನಕ್ಕೆ ಉರಿ ಹಳದಿ ತಿರುಗಿತು. ನಡುವಿನ ಬರ್ನರಿನ ಒಂದು ಕಡೆ ಹತ್ತುವುದೇ ಇಲ್ಲ, ಇನ್ನೊಂದು ಕಡೆ ನಾಲಗೆ ಚಾಚಿಕೊಂಡು ಉರಿಯುತ್ತದೆ. ಪಾತ್ರೆಗಳ ತಳಕ್ಕೆಲ್ಲ ಮಸಿ. ರೊಟ್ಟಿ ಒಂದು ಅಂಚಿಗೆ ಸೀಯುತ್ತದೆ, ಇನ್ನೊಂದು ಅಂಚಿಗೆ ಹಸಿ. ಆ ದಿನ ಬೆಳಿಗ್ಗೆ ಮಗ ತಾಟಿನಲ್ಲಿ ಅಂಥ ರೊಟ್ಟಿ ಮುರಿದು, ಸೀದ ಅಂಚನ್ನು ಪಕ್ಕಕ್ಕೆ ಸರಿಸಿದ. ನನ್ನ ಕೈಯ ರೊಟ್ಟಿಯನ್ನು ಆ ಮನೆಯಲ್ಲಿ ಯಾರೂ ಸರಿಸಿದ್ದಿಲ್ಲ.

ಸೊಸೆ ಮಸಿ ಪಾತ್ರೆ ತಿಕ್ಕುತ್ತಾ ಹೇಳಿದಳು: "ಎಲ್ಲಾ ಹಿಟ್ಟಿಂದು. ಇನ್ಮ್ಯಾಲೆ ಮನ್ಯಾಗೆ ರೊಟ್ಟಿ ಬ್ಯಾಡ್ರಿ ಅತ್ತೆ. ಖಡಕ್ ರೊಟ್ಟಿ ಅಂಗಡ್ಯಾಗೆ ಸಿಗ್ತಾವು. ನಿಮಗೂ ಆರಾಮ."

"ಹೌದವ್ವಾ" ಎಂದು ಮಗನೂ ಅಂದ. "ನೀನೂ ಎಷ್ಟಂತ ಬಡೀತಿ? ಬಿಡು ಇನ್ನ."

ಬಿಡು ಇನ್ನ. ಎಷ್ಟು ಸಲೀಸಾಗಿ ಅಂದ! ಖಡಕ್ ರೊಟ್ಟಿ ನಾನು ತಿಂದಿದ್ದೇನೆ, ದಫ್ತರದ ಹಾಳೆ ಅಗಿದ ಹಾಗಿರುತ್ತದೆ. ನನ್ನ ಹಲ್ಲಿಗೆ ಅದು ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಟ್ಟು ಕಲಸುವ ಪರಾತದೊಳಗೆ ಎಸೆದೆ.

"ನಿಮ್ಮ ಗಾಜು ನೀವು ಇಟ್ಕೊಂಡು ಪೂಜಿ ಮಾಡ್ರಿ. ನನಗ ಬ್ಯಾರೆ ಒಲಿ ಹಾಕಿಕೊಡ್ರಿ! ಇವತ್ತೇ ಆಗಬೇಕು!"

ಅಟ್ಟದ ಮೇಲಿನ ಹಳೆಯ ಒಲೆ ಇಳಿಸಿ ಒಂದು ಮೂಲೆಯಲ್ಲಿ ಹಾಕಿಕೊಡಿ, ಅದರ ಮೇಲೆ ರೊಟ್ಟಿ ಬಡಿದುಕೊಳ್ಳುತ್ತೇನೆ ಎಂದು ನನ್ನ ಮಾತು. ಎಲ್ಲರಿಗೂ ಬಡಿಯುತ್ತೇನೆ ಎಂದು. ಅಷ್ಟೂ ಬಾಯಿಬಿಟ್ಟು ಹೇಳಬೇಕಿತ್ತಂತೆ, ಆಮೇಲೆ ನನ್ನ ತಮ್ಮ ಅಂದ. ಸಿಟ್ಟು ಬಂದವರು ಯಾರು ಅಷ್ಟು ಬಿಡಿಸಿ ಮಾತಾಡುತ್ತಾರೆ?

ಮಗ ತಾಟು ಬಿಟ್ಟು ಎದ್ದ. ಮುಖ ಸಣ್ಣದಾಗಿತ್ತು. "ಆತು ಬಿಡವ್ವಾ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಸೊಸೆ ಸೆರಗು ಬಾಯಿಗೆ ಇಟ್ಟುಕೊಂಡು ಫೋನು ಹಿಡಿದು ಹಿತ್ತಲಿಗೆ ಹೋದಳು. ಒಂದು ಒಲೆ ಇಳಿಸುವುದಕ್ಕೆ ಇಷ್ಟು ಅಳು ಯಾಕೆ ಎಂದು ನಾನು ಅಂದುಕೊಂಡೆ.

ಮಧ್ಯಾಹ್ನ ಗಾರೆ ಕೆಲಸದ ಗೌಂಡಿ ಬಂದ.

ಬಚ್ಚಲಿನ ಕಲ್ಲು ಅಲುಗಾಡುತ್ತದೆ, ಒಂದು ದಿನ ನಾನು ಅಲ್ಲೇ ಬೀಳುತ್ತೇನೆ ಎಂದು ಮಗನಿಗೆ ಎಷ್ಟು ಮಳೆಗಾಲದಿಂದ ಹೇಳುತ್ತಿದ್ದೆ. ಗೌಂಡಿ ಸಿಗುತ್ತಿಲ್ಲ, ಗೌಂಡಿ ಹಡಗಲಿಗೆ ಹೋಗ್ಯಾನ, ಗೌಂಡಿ ಮದುವ್ಯಾಗ ಅದಾನ. ಅವತ್ತು ಮಾತ್ರ ಊಟದ ಹೊತ್ತಿಗೆ ಸಿಕ್ಕ. ಟೇಪು ಹಿಡಿದು ನೇರ ಹಿಂದಿನ ಕೋಣೆಗೆ ಹೋದ. ಮಗನ ಹಳೆ ತಂತಿ, ಶೇಂಗಾ ಚೀಲ ತುಂಬಿಟ್ಟ ಕೋಣೆ ಅದು.

"ಇಲ್ಲಿ ಕಡಪಾ ಕಲ್ಲು ಹಾಕ್ತೀನ್ರವ್ವಾ, ಒಲಿ ಇಡಾಕ" ಅಂದ.

ನಾನು ಖುಷಿಪಟ್ಟೆ. ಈಗ ನೆನೆದರೆ ಅದಕ್ಕೇ ಹೆಚ್ಚು ಸಿಟ್ಟು ಬರುತ್ತದೆ. ನನ್ನ ಮಗ ಎಷ್ಟು ಬೇಗ ನನ್ನ ಮಾತು ನಡೆಸಿದ ಎಂದು ಹಿಗ್ಗಿ, ಗೌಂಡಿಗೆ ಚಾ ಕೊಟ್ಟು, ನಾನೇ ಎತ್ತರ ತೋರಿಸಿದೆ. "ತಗ್ಗು ಮಾಡಪ್ಪ, ಕುಂತು ಬಡಿಯೋ ಹಂಗಿರಲಿ. ನಿಂತು ನಿಂತು ಮೊಣಕಾಲು ಹೋಗ್ಯಾವ." ಅವನು ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು, ನಾಳೆ ಬೆಳಿಗ್ಗೆ ಕಲ್ಲು ತರುತ್ತೇನೆ ಎಂದು ಹೋದ.

ಇಳಿಹೊತ್ತಿಗೆ ಹಲವಾಗಲಿನಿಂದ ನನ್ನ ತಮ್ಮ ಬಂದ. ಅವನ ಹಿಂದೆಯೇ ಹರಪನಹಳ್ಳಿಯಿಂದ ಬೀಗರು, ಸೊಸೆಯ ತಂದೆ, ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು. ಒಂದು ಒಲೆ ಇಳಿಸಲು ಇಬ್ಬರು ಹಿರಿಯರು! ಮಗನೂ ಅಂಗಡಿ ಮುಚ್ಚಿ ಬಂದು ಬಾಗಿಲ ಹತ್ತಿರ ಕೂತ. ಕೊಟ್ಟ ನೀರನ್ನು ತಮ್ಮ ಕುಡಿಯಲಿಲ್ಲ.

"ಏನಕ್ಕ, ಈ ವಯಸ್ಸಿನಾಗ ನಿನಗ ಇದು ಬೇಕಾಗಿತ್ತಾ?"

"ಬೇಕಾಗಿತ್ತು. ಯಾಕ, ವಯಸ್ಸಾದಾಕಿ ರೊಟ್ಟಿ ತಿನ್ನಬಾರದಾ?"

"ರೊಟ್ಟಿ ಮಾತು ಬಿಡು."

"ಅದನ್ನ ಬಿಟ್ರ ಇಲ್ಲಿ ಮತ್ಯಾವ ಮಾತೈತಿ?"

ಬೀಗರು ಗಂಟಲು ಸರಿ ಮಾಡಿಕೊಂಡರು. "ಅಕ್ಕಾರೆ, ನಾನು ಮಗಳ ಪರ ಮಾತಾಡಾಕೆ ಬಂದಿಲ್ಲ. ಆಗೋದು ಚೆಂದಾಗಿ ಆಗ್ಲಿ ಅಂತೀನಿ. ಪಾತ್ರೆ-ಪಗಡೆ ಹೆಂಗೆ ಮಾಡ್ತೀರಿ?"

"ನನಗ ಪರಾತ ಒಂದು, ಹಂಚು ಒಂದು ಸಾಕು. ಉಳಿದದ್ದೆಲ್ಲಾ ನಿಮ್ಮ ಮಗಳೇ ಇಟ್ಕೊಳ್ಳಲಿ."

ಬೀಗರು ತಮ್ಮನ ಮುಖ ನೋಡಿದರು. "ದೊಡ್ಡ ಮನಸ್ಸು ನಿಮ್ದು" ಎಂದರು. ಪರಾತ ಕೇಳುವುದರಲ್ಲಿ ದೊಡ್ಡ ಮನಸ್ಸು ಏನು ಬಂತು?

"ಮತ್ತೆ ಜೋಳ? ಅರ್ಧರ್ಧ ಮಾಡಿಬಿಟ್ರೆ..."

"ಜೋಳ ಯಾಕ ಅರ್ಧ ಮಾಡಬೇಕು? ಉಣ್ಣೋರು ಎಲ್ಲಾರೂ ಇಲ್ಲೇ ಅದೀವಲ್ಲ."

"ಅಲ್ಲಕ್ಕ" ತಮ್ಮ ನಡುವೆ ಬಾಯಿ ಹಾಕಿದ. "ನೀನು ಬ್ಯಾರೆ ಆದ ಮ್ಯಾಲೆ ನಿನ್ನ ಚೀಲ ನಿನಗ ಬ್ಯಾಡಾ?"

ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಮಗ ನೆಲ ನೋಡುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು, ಅತ್ತು ಕಣ್ಣು ಊದಿದ್ದವು. ಗೌಂಡಿ, ಸೀಮೆಸುಣ್ಣದ ಗೆರೆ, ಆ ಹಿಂದಿನ ಕೋಣೆ, ಎಲ್ಲವೂ ಒಟ್ಟಿಗೆ ತಲೆಗೆ ಹೊಕ್ಕವು.

"ಯಾರು ಬ್ಯಾರೆ ಆಗ್ತೀನಂದ್ರು?"

"ನೀನೇ ಅಂದೆಲ್ಲವ್ವಾ" ಎಂದ ಮಗ. "ಬ್ಯಾರೆ ಒಲಿ ಹಾಕಿಕೊಡ್ರಿ, ಇವತ್ತೇ ಆಗಬೇಕು ಅಂದಿ."

"ಒಲಿ ಅಂದ್ರ ಒಲಿ ಕಣಲೇ! ಅಟ್ಟದ ಮ್ಯಾಲಿಂದು! ನಾನು ರೊಟ್ಟಿ ಬಡಿಯಾಕ ಒಲಿ ಕೇಳಿದ್ರ ನೀನು ನನಗ ಮನಿಯಿಂದ ಹೊರಗಿನ ದಾರಿ ಕಟ್ಟಿಸಾಕ ಹೊಂಟೀಯಲ್ಲೋ!"

"ನಾನೇನು ಹೊರಗ ಹಾಕಿದ್ನಾ? ನೀನು ಕೇಳಿದಿ, ಮಾಡಿಸಿದೆ."

"ಬಚ್ಚಲ ಕಲ್ಲು ಕೇಳಿದ್ದೆ, ಅದನ್ಯಾಕ ಮಾಡಿಸಲಿಲ್ಲ? ಅದಕ್ಕ ಗೌಂಡಿ ಹಡಗಲಿಯಾಗ ಇದ್ದ. ಅವ್ವನ್ನ ಹಿಂದಕ್ಕ ಹಾಕಾಕ ಮಧ್ಯಾಹ್ನಕ್ಕೇ ಬಂದ!"

ನನಗೆ ಉರಿ ಎದ್ದದ್ದು ಇದಕ್ಕೆ. ತಪ್ಪು ತಿಳಿದುಕೊಂಡದ್ದಕ್ಕೆ ಅಷ್ಟಲ್ಲ. ಮಾತು ಎಲ್ಲರಿಗೂ ಒಂದೊಂದು ಸಲ ತಪ್ಪಾಗಿ ಕೇಳಿಸುತ್ತದೆ. ಹಾಗೆ ಕೇಳಿಸಿದಾಗ "ಯಾಕವ್ವಾ? ಏನಾತು?" ಎಂದು ಒಂದು ಮಾತು ಹಿಂದಿರುಗಿ ಕೇಳುವುದಿಲ್ಲವೇ? ಹೆತ್ತವಳು ಒಲೆ ಬೇರೆ ಮಾಡಿ ಅಂದಳು ಎಂದರೆ ಕೂತು ಅಂಗಲಾಚುವುದಿಲ್ಲವೇ? ಇವನು ಅಳತೆ ಹಿಡಿಸಿದ.

ಸೊಸೆ ಬಾಗಿಲಿನಿಂದಲೇ ಅಂದಳು: "ನನ್ನ ಹೆಸ್ರು ಹೋತಲ್ರಿ ಅತ್ತೆ. ನಮ್ಮಪ್ಪಂಗೆ ಏನಂತ ಹೇಳ್ಲಿ? ಬಾಟ್ಲಿ ಸಲುವಾಗಿ ಅತ್ತೇನ ಹೊರಗಾಕಿದ್ಲು ಅಂತಾರೆ ಊರಾಗೆ."

"ಚಾ ಎಲ್ಲಿ?" ಎಂದೆ ನಾನು. ಬೇರೆ ಏನೂ ಹೊಳೆಯಲಿಲ್ಲ. "ಬೀಗರು ಬಂದು ಎಷ್ಟೊತ್ತಾತು?"

"ಕುದೀವಲ್ದು" ಎಂದಳು. ಆ ಹಳದಿ ಉರಿಯ ಮೇಲೆ ಹಾಲಿಟ್ಟು ಅಷ್ಟೂ ಹೊತ್ತು ಕಾಯುತ್ತಿದ್ದಳು ಪಾಪ. ಕೊನೆಗೆ ಬೆಚ್ಚಗಾದದ್ದನ್ನೇ ಸೋಸಲು ಪಾತ್ರೆ ಹಿಡಿದು ಬಂದಳು. ಬಗ್ಗಿ ಅಪ್ಪನ ಲೋಟಕ್ಕೆ ಸುರಿಯುವಾಗ ಪಾತ್ರೆಯ ತಳ ಆ ಬಿಳಿ ಪಂಚೆಗೆ ತಾಗಿತು. ತೊಡೆಯ ಮೇಲೆ ದುಂಡಗೆ ಕರಿ ಮಸಿ, ಮುದ್ರೆ ಒತ್ತಿದ ಹಾಗೆ. ಬೀಗರು ಅದನ್ನು ಕೈಯಿಂದ ಒರೆಸಿ ಇನ್ನೂ ದೊಡ್ಡದು ಮಾಡಿಕೊಂಡರು.

"ನೋಡ್ರಿ ಬೀಗರ" ಎಂದೆ, "ನಿಮ್ಮ ಮಗಳೂ ನಾನೂ ಯಾಕ ಜಗಳಾಡಿದ್ವಿ ಅಂತ ಕೇಳಿದ್ರೆಲ್ಲ, ಅದಾ ಅದು."

ಕೇಳಿರಲಿಲ್ಲ ಅವರು. ಯಾರೂ ಕೇಳಿರಲಿಲ್ಲ. ಆದರೂ ಹೌದು ಎಂದು ತಲೆ ಆಡಿಸಿದರು.

ನಾನು ಒಲೆ ಅಂದದ್ದು ಒಲೆಗೇ ಎಂದು ಇಬ್ಬರಿಗೂ ಮತ್ತೆ ಬಿಡಿಸಿ ಹೇಳಿದೆ. ನಂಬಿದರೋ ಇಲ್ಲವೋ ಗೊತ್ತಿಲ್ಲ. ಹಿರಿಯರು ಬಸ್ಸು ಹತ್ತಿ ಬಂದ ಮೇಲೆ ಏನಾದರೂ ತೀರ್ಮಾನ ಮಾಡದೆ ಹೋಗುವುದು ಅವರಿಗೆ ಕಷ್ಟ. ಬಾಯಿಂದ ಬಂದ ಮಾತು, ಗೌಂಡಿ ಊರೆಲ್ಲ ಹೇಳಿರುತ್ತಾನೆ, ಕಲ್ಲಿಗೂ ಹೇಳಿ ಆಗಿದೆ ಎಂದು ತಮ್ಮ ಗುಣುಗಿದ. ಹೊರಡುವಾಗ ಹೊಸ್ತಿಲಲ್ಲಿ ನಿಂತು ಅಂದ:

"ನಾಳಿ ಕಲ್ಲು ಬರತೈತಿ. ಅಷ್ಟರಾಗ ಒಂದು ಮಾತು ಹೇಳಿಬಿಡಕ್ಕ. ಹಿಂದಿನ ಕ್ವಾಣಿಗೆ ಹೋಗ್ತೀಯೋ, ಇವರ ಕೂಡ ಇರ್ತೀಯೋ. ಇದ್ರ ರೊಟ್ಟಿ ಗಲಾಟಿ ಬಿಟ್ಟು ಇರು."

ನನ್ನ ಮನೆಯಲ್ಲಿ ನಿಂತು ನನಗೆ ಹೇಳುತ್ತಾನೆ! ಅವನು ಅಂಬೆಗಾಲಿಡುವಾಗ ರೊಟ್ಟಿ ಚೂರು ಅಗಿದು ತಿನ್ನಿಸಿದವಳು ನಾನು. ಅಂದು ರಾತ್ರಿ ಅನ್ನ ಅರೆಬೆಂದಿತ್ತು, ಅದನ್ನೇ ಉಂಡೆವು.

ಮಾರನೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದೆ. ಅಡುಗೆಮನೆಗೆ ಹೋಗಿ ರೆಗ್ಯುಲೇಟರ್ ಬಂದ್ ಮಾಡಿದೆ. ಕಬ್ಬಿಣದ ಸ್ಟ್ಯಾಂಡು ತೆಗೆದೆ, ಮೂರೂ ಬರ್ನರು ಎತ್ತಿದೆ. ಬಚ್ಚಲ ಹಂಡೆಯ ನೀರು ಕಾಯಿಸಿ, ಹುಣಸೆಹಣ್ಣು ಕಿವುಚಿ ನೆನೆಹಾಕಿದೆ. ಪಿನ್ನು ಚುಚ್ಚಿದರೆ ಒಂದೊಂದು ತೂತಿನಿಂದ ಬೆಂದ ಹಿಟ್ಟು ಕಾಳಿನ ಹಾಗೆ ಉದುರಿತು. ಹಿಟ್ಟು ನನ್ನದು, ನೀರು ಅವಳದು. ಒಬ್ಬರದೇ ಆಗಿದ್ದರೆ ಅಷ್ಟು ಗಟ್ಟಿಯಾಗುತ್ತಿರಲಿಲ್ಲ. ಬಿಸಿಲು ಬರುವ ತನಕ ಕಾಯುವಂತಿರಲಿಲ್ಲ, ಬಟ್ಟೆಯಲ್ಲಿ ಸುತ್ತಿ ಕುಟ್ಟಿ, ಹಂಡೆಯ ಒಲೆಯ ಕಟ್ಟೆಯ ಮೇಲಿಟ್ಟು ಒಣಗಿಸಿದೆ. ಅಷ್ಟರಲ್ಲಿ ಗಾಜನ್ನು ಒಣಬಟ್ಟೆಯಿಂದ ಒರೆಸಿದೆ. ಕೂಡಿಸಿದೆ. ಮೂರು ಬೆರಳು ವಿಭೂತಿಯಲ್ಲಿ ಅದ್ದಿ, ಆ ಕರಿ ಗಾಜಿನ ಮುಂದಿನ ಅಂಚಿಗೆ, ನನ್ನ ಮುಖ ಕಾಣುವ ಕಡೆ, ಈ ತುದಿಯಿಂದ ಆ ತುದಿಗೆ ಎಳೆದೆ. ರೆಗ್ಯುಲೇಟರ್ ತೆರೆದು ಒಲೆ ಹಚ್ಚಿದೆ. ನೀಲಿ ಉರಿ, ಸುತ್ತಲೂ ಸಮ.

ಎಸರು ಇಟ್ಟು ಹಿಟ್ಟು ಕಲಸಿ ಬಡಿಯಲು ಶುರು ಮಾಡಿದೆ. ಜೋರಾಗಿಯೇ ಬಡಿದೆ. ಏಳುವವರು ಏಳಲಿ ಎಂದು.

ಸೊಸೆ ಕೂದಲು ಕಟ್ಟಿಕೊಳ್ಳುತ್ತಾ ಬಂದಳು. ವಿಭೂತಿ ನೋಡಿದಳು, ಉರಿ ನೋಡಿದಳು. ಕೈ ಬಾಟಲಿಗೆ ಹೋಯಿತು.

"ಅದನ್ನ ಕೆಳಗಿಡು" ಎಂದೆ. "ಒಣಬಟ್ಟಿ ತಗೋ. ನಾನು ಬಡೀತೀನಿ, ನೀನು ಒರೆಸು. ಹಿಟ್ಟು ಒಣಗಿದ್ದಾಗ ಒರೆಸಬೇಕು, ನೀರು ಹಾಕಬಾರದು."

"ವಿಭೂತಿ?"

"ಅದು ಅಲ್ಲೇ ಇರತೈತಿ."

ಬಟ್ಟೆ ತೆಗೆದುಕೊಂಡಳು. ಮುಖ ಗಂಟು ಹಾಕಿಕೊಂಡೇ ಒರೆಸಿದಳು. ನನ್ನ ಮುಖವೂ ಗಂಟೇ ಇತ್ತು. ಮಗ ಎದ್ದು ಬಂದು ಬಾಗಿಲಲ್ಲಿ ನಿಂತ. ಅವನಿಗೆ ರೊಟ್ಟಿ ಹಾಕಿಕೊಡಲಿಲ್ಲ, ತಾನೇ ತೆಗೆದುಕೊಂಡ. ಅಂಚು ಸರಿಸಲಿಲ್ಲ.

ಅಷ್ಟೊತ್ತಿಗೆ ಹೊರಗೆ ತಳ್ಳುಗಾಡಿಯ ಸದ್ದು. ಗೌಂಡಿ ಕಡಪಾ ಕಲ್ಲು ತಂದಿದ್ದ, ಒಳ್ಳೆಯ ದಪ್ಪ ಕಲ್ಲು. "ಹಿಂದಿನ ಕ್ವಾಣಿಗೆ ಇಳಸ್ಲೇನ್ರವ್ವಾ?" ಎಂದು ಕೂಗಿದ. ಮಗ ನನ್ನ ಕಡೆ ನೋಡಿದ. ನಾನು ಹಿಟ್ಟಿನ ಕೈಯಲ್ಲೇ ಹೋಗಿ ಅವನಿಗೆ ಬಚ್ಚಲು ತೋರಿಸಿ, ಅಲುಗಾಡುವ ಆ ಕಲ್ಲನ್ನು ಕಿತ್ತು ಇದನ್ನು ಹಾಕು ಎಂದು ಹೇಳಿ, ಅವನು ಕಿತ್ತು ಮುಗಿಸುವ ತನಕ ಅಲ್ಲೇ ನಿಂತಿದ್ದೆ.